ಕುದುರೆ, ಸೈಕಲ್ಲು ಮತ್ತು ನಮ್ಮ ಕಾಲುದಾರಿ



ಈ ಸಲ ಪೋಸ್ಟ್ ಉದ್ದ ಆಗಿದೆ. ಒಂದು ದಾರಿಯ ಕಥೆ ಹೇಳಬೇಕು, ದಾರಿ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ.

ಹದಿನೈದು ದಿನದ ಹಿಂದೆ ನಮ್ಮ ಕೇರಿಯ ಹಿಂದಿರೋ ಬೆಟ್ಟದ ಬುಡದಲ್ಲಿ ಒಂದು ಕಬ್ಬಿಣದ ಗೇಟು ನಿಂತಿತು. ಪಕ್ಕದಲ್ಲೊಂದು ಬೋರ್ಡು. ಬೋರ್ಡಿನ ಮೇಲೆ ಒಂದು ಸೈಕಲ್ ಚಿತ್ರ, ಒಂದು ಕುದುರೆ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, 'ಸೈಕಲ್ ಮತ್ತು ಕುದುರೆ ಸವಾರರಿಗೆ ಮಾತ್ರ. ಇತರರಿಗೆ ಪ್ರವೇಶವಿಲ್ಲ.' ಹಾಕಿಸಿದವರು ಪಕ್ಕದ ಜಮೀನು ಕೊಂಡು ರೆಸಾರ್ಟ್ ಮಾಡ್ತಿರೋರು. ಅವರ ಹೆಸರು, ಊರಿನ ಹೆಸರು ಇಲ್ಲಿ ಬರೆಯಲ್ಲ. ಅರ್ಜಿ ಇನ್ನೂ ಕಚೇರಿಯಲ್ಲಿದೆ. ಗುಮಾಸ್ತನಾಗಿ ಇಪ್ಪತ್ತು ವರ್ಷ ಫೈಲು ನೋಡಿದವನು ನಾನು. ಅರ್ಜಿ ಒಳಗಿರುವಾಗ ಹೊರಗೆ ಬಾಯಿ ಬಿಟ್ಟರೆ ಏನಾಗುತ್ತೆ ಅಂತ ಗೊತ್ತು.

ಆ ದಾರಿಯಲ್ಲಿ ನಮ್ಮವರು ಸೌದೆಗೆ ಹೋಗ್ತಾರೆ, ಮೇಕೆ ಹೊಡ್ಕೊಂಡು ಹೋಗ್ತಾರೆ. ಬೆಟ್ಟದ ಓರೆಯಲ್ಲಿ ನಮ್ಮ ಸುಡುಗಾಡು ಇದೆ. ನನ್ನ ತಾತ, ಅಜ್ಜಿ, ಅಪ್ಪ ಮೂವರೂ ಅಲ್ಲೇ ಮಲಗಿದ್ದಾರೆ. ಬೋರ್ಡು ನೋಡಿದ ನಮ್ಮ ದೊಡ್ಡವ್ವ ಕೇಳಿದ್ದು ಇಷ್ಟೇ: "ಕುದ್ರೆಗೆ ದಾರಿ ಅದೆ, ಸೈಕಲ್ಗೆ ದಾರಿ ಅದೆ. ನನ್ ಮೇಕೆಗೆ ಇಲ್ವಾ ಮಗಾ?"

ಆ 'ಇತರರು' ಅನ್ನೋ ಪದ ನನ್ನನ್ನ ಬಿಡ್ತಿಲ್ಲ. ಈ ಸೀಮೆಯಲ್ಲಿ ಕುದುರೆ, ಸೈಕಲ್ಲು, ದಾರಿ ಈ ಮೂರಕ್ಕೂ ನಮ್ಮವರಿಗೂ ಏನು ಸಂಬಂಧ ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಅಪ್ಪನ ಸೈಕಲ್ಲು.

ಅಪ್ಪ ಆಲೆಮನೆಯಲ್ಲಿ ಕೆಲಸ ಮಾಡ್ತಿದ್ದರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಹಳೇ ಅಟ್ಲಾಸ್ ಸೈಕಲ್ ಕೊಂಡರು. ಬೆಳಗ್ಗೆ ನನ್ನನ್ನ ಮುಂದಿನ ಕಂಬಿ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡೋರು. ಕೇರಿಯಿಂದ ಹೊರಟು ಊರಿನ ಅರಳಿಕಟ್ಟೆ ಹತ್ತಿರ ಬಂದ ತಕ್ಷಣ ಇಳಿದುಬಿಡೋರು. ನನ್ನನ್ನೂ ಇಳಿಸೋರು. ಸೈಕಲ್ ತಳ್ಳಿಕೊಂಡು ಊರಿನ ಬೀದಿ ದಾಟಿ, ಸೊಸೈಟಿ ಕಟ್ಟಡ ಕಳೆದ ಮೇಲೆ ಮತ್ತೆ ಹತ್ತೋರು.

"ಯಾಕಪ್ಪಾ ಇಳ್ದೆ?" ಅಂದ್ರೆ, "ಚೈನು ಬಿಚ್ಕೊಂಡದೆ ಕಣ್ಲಾ" ಅನ್ನೋರು.

ದಿನಾ ಅದೇ ಜಾಗದಲ್ಲಿ ಚೈನು ಬಿಚ್ಕೊಳ್ಳುತ್ತೆ ಅಂತ ನಾನು ನಂಬಿದ್ದೆ. ಆ ಕಟ್ಟೆ ಹತ್ತಿರ ರಸ್ತೇಲಿ ಏನೋ ದೋಷ ಇದೆ, ಅದಕ್ಕೇ ಹಿಂಗಾಗುತ್ತೆ ಅಂತ ಜೊತೆ ಹುಡುಗರಿಗೂ ಹೇಳಿದ್ದೆ. ರಸ್ತೇಲಿ ದೋಷ ಇದ್ದಿದ್ದೇನೋ ನಿಜ. ಅದು ಎಂಥಾ ದೋಷ ಅಂತ ತಿಳಿಯೋಕೆ ಹೈಸ್ಕೂಲು ಸೇರಬೇಕಾಯ್ತು.

ಇನ್ನು ಕುದುರೆಗೆ ಬರ್ತೀನಿ.

ನಮ್ಮ ನಾಲ್ಕು ತಾಲೂಕು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಕುದುರೆ ಓಡಾಡಿದ ನೆಲ. ಕೆ.ಆರ್.ಪೇಟೆ ತಾಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋಗಿ ನೋಡಿ. 13ನೇ ಶತಮಾನದ ಹೊಯ್ಸಳರ ಕೆಲಸ. ಗೋಡೆಯ ಬುಡದಲ್ಲಿ ಸಾಲಾಗಿ ಆನೆ, ಅದರ ಮೇಲಿನ ಪಟ್ಟಿಯಲ್ಲಿ ಸಾಲಾಗಿ ಕುದುರೆ ಸವಾರರು. ಆ ಕಲ್ಲು ಒಡೆದವರು, ಹೊತ್ತವರು, ಬಂಡಿಗೆ ಏರಿಸಿದವರು ಯಾವ ಪಟ್ಟಿಯಲ್ಲಿದ್ದಾರೆ ಅಂತ ಹುಡುಕೋಕೆ ಹೋಗಬೇಡಿ.

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ 'ಫ್ರೆಂಚ್ ರಾಕ್ಸ್' ಅನ್ನೋ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಆ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಬಂದ ಹೆಸರು ಅದು. ಅದೇ ತಾಲೂಕಿನ ಚಿನಕುರಳಿಯಲ್ಲಿ 1771ರ ಮಾರ್ಚ್‌ನಲ್ಲಿ ಮರಾಠರ ಸೇನೆ ಹೈದರಾಲಿಯ ಸೈನ್ಯವನ್ನ ಒಡೆದು ಚೆಲ್ಲಾಪಿಲ್ಲಿ ಮಾಡಿತು. ಹೈದರಾಲಿ ತಪ್ಪಿಸಿಕೊಂಡು ಶ್ರೀರಂಗಪಟ್ಟಣದ ಕೋಟೆ ಸೇರಿಕೊಂಡ. ಕುದುರೆ ಇದ್ದವನಿಗೆ ಗೆಲ್ಲೋಕೂ ದಾರಿ, ಓಡೋಕೂ ದಾರಿ.

1799ರ ಮೇ 4ರಂದು ಟಿಪ್ಪು ಸತ್ತು ಪಟ್ಟಣ ಬಿತ್ತು. ಆಮೇಲೂ ಕುದುರೆ ಉಳಿಯಿತು. 1807ರ ಪೂರಕ ಒಪ್ಪಂದದಲ್ಲಿ ಮೈಸೂರು ರಾಜ್ಯ 4,000 ಕುದುರೆ ಸವಾರರನ್ನ ಸಾಕಬೇಕು ಅಂತ ಕಂಪನಿ ಬರೆಸಿಕೊಂಡಿತು. ಅವರಿಗೆ ಸಿಲೇದಾರರು ಅಂತ ಹೆಸರು. ಸಿಲೇದಾರ ಅಂದ್ರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ಸೇರುವವನು. ಇಲ್ಲಿ ಒಂಚೂರು ನಿಂತು ಯೋಚನೆ ಮಾಡಿ. ಕುದುರೆ ತರಬೇಕು ಅಂದ್ರೆ ಮೊದಲು ಕುದುರೆ ಇರಬೇಕು. ಕುದುರೆ ಇರಬೇಕು ಅಂದ್ರೆ ಲಾಯ ಇರಬೇಕು, ಹುರುಳಿ ಇರಬೇಕು, ಹುಲ್ಲಿನ ಬಯಲಿರಬೇಕು. ಅಂಗೈಯಗಲ ಜಮೀನಿಲ್ಲದ ಕೇರಿಯವನು ಸಿಲೇದಾರ ಆಗೋದು ಹೇಗೆ? ಜಾತಿ ಹೆಸರು ಬರೆಯುವ ಅಗತ್ಯವೇ ಇರಲಿಲ್ಲ. 'ಸ್ವಂತ ಕುದುರೆ' ಅನ್ನೋ ಎರಡು ಪದವೇ ಬೇಲಿ ಹಾಕಿಬಿಟ್ಟಿತ್ತು. ನಮ್ಮ ಬೆಟ್ಟದ ಬೋರ್ಡೂ ಹಂಗೇ. ಅದರಲ್ಲೂ ಯಾವ ಜಾತಿಯ ಹೆಸರೂ ಇಲ್ಲ.

ಮುಂದೆ ಮೈಸೂರು ಲ್ಯಾನ್ಸರ್ಸ್ ಬಂತು. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರದ ಸವಾರರ ಜೊತೆಗೂಡಿ ಹೈಫಾ ಪಟ್ಟಣವನ್ನ ಭರ್ಜಿ, ಕತ್ತಿ ಹಿಡಿದು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂರು ಸಿಪಾಯಿಗಳಲ್ಲಿ ಒಬ್ಬ ಮೈಸೂರಿನವನು. ಹೆಮ್ಮೆ ಪಡೋಣ, ತಪ್ಪಿಲ್ಲ. ಆದರೆ ಆ ಕುದುರೆಯ ಕೆಳಗೆ ಬಗ್ಗಿ ನೋಡಿ. ಜೀನು ಯಾವುದರದ್ದು? ಚರ್ಮದ್ದು. ಲಗಾಮು, ರಿಕಾಪಿನ ಪಟ್ಟಿ, ಹೊಟ್ಟೆ ಪಟ್ಟಿ ಎಲ್ಲಾ ಚರ್ಮ. ಸತ್ತ ದನ ಎಳೆದು, ಚರ್ಮ ಸುಲಿದು, ತಂಗಡಿ ಚಕ್ಕೆಯ ನೀರಲ್ಲಿ ನೆನೆಹಾಕಿ ಹದ ಮಾಡಿದ ಕೈ ಯಾರದ್ದು? ಆ ಕೈ ಮುಟ್ಟಿದರೆ ಮೈಲಿಗೆ, ಅದು ಮಾಡಿದ ಜೀನಿನ ಮೇಲೆ ಕೂತರೆ ಶೌರ್ಯ. ಹಳೆಯ ಸೈಕಲ್ಲುಗಳ ಸೀಟೂ ಚರ್ಮದ್ದೇ ಆಗಿತ್ತು ಅನ್ನೋದು ನೆನಪಿರಲಿ. ಎರಡು ಸವಾರಿಗೂ ಆಸನ ಹಾಕಿಕೊಟ್ಟ ಕಸುಬು ಒಂದೇ.

ಇನ್ನು ದಾರಿ. ದಾರಿ ಗೊತ್ತಿದ್ದವರು ಯಾರು?

ಹಳೇ ಮೈಸೂರಿನ ಹಳ್ಳಿಗಳಲ್ಲಿ ಕುಳವಾಡಿ ಅಂತ ಇದ್ದ. ಹೊಲೆಯರವನು. ಊರಿನ ಎಲ್ಲೆ ಅವನ ತಲೆಯಲ್ಲಿತ್ತು. ಥರ್ಸ್ಟನ್ 1909ರಲ್ಲಿ ತಂದ ದಕ್ಷಿಣ ಭಾರತದ ಜಾತಿಗಳ ಪುಸ್ತಕದಲ್ಲಿ ಈ ವಿಷಯ ಇದೆ. ಎರಡು ಊರಿನ ಗಡಿ ಜಗಳ ಬಂದರೆ ಕುಳವಾಡಿಯ ತಲೆ ಮೇಲೆ ಗಡಿಯ ಮಣ್ಣಿನ ಉಂಡೆ ಇಡ್ತಿದ್ದರು. ಅವನು ಅದನ್ನ ಹೊತ್ತು ಎಲ್ಲೆಯ ಮೇಲೆ ನಡೆಯಬೇಕು. ಅವನು ನಡೆದದ್ದೇ ಗಡಿ. ತಪ್ಪು ನಡೆದರೆ ಉಂಡೆ ಒಡೆಯುತ್ತೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ ಅನ್ನೋ ನಂಬಿಕೆ. ಅಂದ್ರೆ ಇಡೀ ಊರಿನ ನಕಾಶೆ ನಮ್ಮವನ ಪಾದದಲ್ಲಿತ್ತು, ತಪ್ಪಿದರೆ ಸಾವೂ ಅವನದೇ. ಎಲ್ಲರ ಎಲ್ಲೆ ತೋರಿಸಿದವನಿಗೆ ಊರೊಳಗೆ ನಡೆಯೋಕೆ ಮಾತ್ರ ದಾರಿ ಇರಲಿಲ್ಲ.

ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಇನ್ನೊಂದು ಬಗೆ. ಚೆಲುವಪಿಳ್ಳೆ ಮೂರ್ತಿಯನ್ನ ತರಲು ರಾಮಾನುಜಾಚಾರ್ಯರಿಗೆ ನಮ್ಮವರು ನೆರವಾದರಂತೆ. ಅದಕ್ಕೆ 'ತಿರುಕುಲ' ಅಂತ ಹೆಸರು, ವರ್ಷಕ್ಕೆ ಮೂರು ದಿನ ಗುಡಿ ಪ್ರವೇಶ. ಈ ಮೂರು ದಿನದ ಕಥೆಯನ್ನ ದೊಡ್ಡ ಔದಾರ್ಯ ಅನ್ನೋ ಹಂಗೆ ಹೇಳೋದನ್ನ ಕೇಳ್ತಾ ಬೆಳೆದಿದ್ದೀವಿ. ಉಳಿದ 362 ದಿನದ ಲೆಕ್ಕ ಯಾರೂ ಹೇಳಲ್ಲ. ಗುಮಾಸ್ತನಿಗೆ ಆ ಲೆಕ್ಕವೇ ಮೊದಲು ಕಣ್ಣಿಗೆ ಬೀಳೋದು.

ಈಗ ನಮ್ಮ ಸೀಮೆ ಬಿಟ್ಟು ಸ್ವಲ್ಪ ಹೊರಗೆ ಹೋಗೋಣ. ಸೈಕಲ್ಲು ಹುಟ್ಟಿದ್ದು ಹೊರಗೆ, ಕುದುರೆಗೆ ನಮ್ಮವರು ಎದುರು ನಿಂತಿದ್ದೂ ಹೊರಗೆ.

1817ರ ಜೂನ್ 12. ಜರ್ಮನಿಯ ಮ್ಯಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಅನ್ನೋನು ಎರಡು ಚಕ್ರದ ಮರದ ಗಾಡಿ ಮೇಲೆ ಕೂತು, ಕಾಲಿನಿಂದ ನೆಲ ಒದೀತಾ ಓಡಿಸಿದ. ಪೆಡಲ್ ಇಲ್ಲ, ಚೈನಿಲ್ಲ. ಸೈಕಲ್ಲಿನ ಮುತ್ತಾತ ಅದು. ಕುದುರೆ ಇಲ್ಲದೆ, ಬರೀ ತನ್ನ ಕಾಲಿನ ಬಲದಿಂದ ಕುದುರೆಯಂತೆ ಹೋಗಬಹುದು ಅಂತ ಮನುಷ್ಯ ಕಂಡುಕೊಂಡ ದಿನ.

ಅದಾಗಿ ಏಳು ತಿಂಗಳು ತುಂಬಿರಲಿಲ್ಲ, 1818ರ ಜನವರಿ 1, ಭೀಮಾ ಕೋರೆಗಾಂವ್. ನಿಮಗೆಲ್ಲಾ ಗೊತ್ತಿರೋ ಕಥೆ, ನಾನು ದಾರಿಯ ಮಾತಷ್ಟೇ ಹೇಳ್ತೀನಿ. ಶಿರೂರಿನಿಂದ ರಾತ್ರಿ ಇಡೀ ನಡೆದು ಬಂದ ಸುಮಾರು 500 ಕಾಲಾಳುಗಳು, ಅವರಲ್ಲಿ ಮಹಾರ್ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಎದುರಿಗೆ ಪೇಶ್ವೆಯ ಸಾವಿರಾರು ಕುದುರೆ ಸವಾರರಿದ್ದ ಭಾರೀ ಸೇನೆ. ಸೇನೆ ಕಂಪನಿಯದ್ದು, ಲಾಭ ಕಂಪನಿಯದ್ದು, ಅದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ನಡೆದು ಬಂದವರು ನೀರು, ಅನ್ನ ಇಲ್ಲದೆ ದಿನಪೂರ್ತಿ ನಿಂತರು. ಕುದುರೆ ಹಿಂದಕ್ಕೆ ಹೋಯ್ತು. ಬಾಬಾಸಾಹೇಬರು 1927ರ ಜನವರಿ 1ರಂದು ಆ ಕಂಬದ ಹತ್ತಿರ ಹೋಗಿ ನಿಂತಿದ್ದು ಇದಕ್ಕೇ.

ಅದೇ ಬಾಬಾಸಾಹೇಬರಿಗೆ ಎರಡು ವರ್ಷದ ಮೇಲೆ, 1929ರಲ್ಲಿ, ಒಂದು ಕುದುರೆಗಾಡಿ ಏನು ಮಾಡಿತು ಗೊತ್ತಾ? ಮುಂಬೈ ಸರ್ಕಾರದ ಸಮಿತಿಯ ಸದಸ್ಯರಾಗಿ ಹೊರಟಿದ್ದವರು ಚಾಳೀಸಗಾಂವ್‌ನಲ್ಲಿ ಇಳಿದರು. ಅಲ್ಲಿನ ಮಹಾರರು ಅವರನ್ನ ತಮ್ಮ ಕೇರಿಗೆ ಕರೆದುಕೊಂಡು ಹೋಗಲು ಟಾಂಗಾ ಕೇಳಿದರು. ಅಸ್ಪೃಶ್ಯನನ್ನ ಕೂರಿಸಿಕೊಂಡು ಗಾಡಿ ಹೊಡೆಯೋದು ತನಗೆ ಅವಮಾನ ಅಂತ ಟಾಂಗಾದವನು ಒಪ್ಪಲಿಲ್ಲ. ಬೇಕಾದ್ರೆ ಗಾಡಿ ತಗೊಳ್ಳಿ, ನಾನು ಹೊಡೆಯಲ್ಲ ಅಂದ. ನಾಯಕನನ್ನ ನಡೆಸಬಾರದು ಅನ್ನೋ ಅಭಿಮಾನ ನಮ್ಮವರದು. ಗಾಡಿ ಹೊಡೆದು ಗೊತ್ತಿಲ್ಲದವನೊಬ್ಬ ಲಗಾಮು ಹಿಡಿದ. ಮೋರಿ ಮೇಲೆ ಚಕ್ರ ಕಲ್ಲುಗಳ ಸಂದಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಗರಿಬಿದ್ದರು, ಕಾಲು ಮುರಿಯಿತು. ಗಾಡಿ ಕುದುರೆ ಸಮೇತ ಹೊಳೆಗೆ ಬಿತ್ತು. ಬ್ಯಾರಿಸ್ಟರ್ ಆದರೂ ಟಾಂಗಾದವನ ಕಣ್ಣಿಗೆ ಅವರು ಕೀಳೇ ಅನ್ನೋದು ಅವರಿಗೆ ಅವತ್ತು ಇನ್ನೊಮ್ಮೆ ಗೊತ್ತಾಯ್ತು.

ಇದನ್ನ ಓದಿದಾಗಲೆಲ್ಲಾ ನನಗೆ ಅನಿಸೋದು, ಅವತ್ತು ಅಲ್ಲೊಂದು ಸೈಕಲ್ ಇದ್ದಿದ್ದರೆ? ಸೈಕಲ್ಲಿಗೆ ಹೊಡೆಯೋ ಜಾತಿ ಬೇಡ. ಯಾರು ತುಳಿದರೂ ಹೋಗುತ್ತೆ.

ಹೋಗುತ್ತೆ ಅಂತ ಅಮೆರಿಕದ ಕಪ್ಪು ಸಿಪಾಯಿಗಳು ತೋರಿಸಿಕೊಟ್ಟಿದ್ದರು. 1897ರಲ್ಲಿ 25ನೇ ಪದಾತಿ ದಳದ 20 ಜನ ಕಪ್ಪು ಸಿಪಾಯಿಗಳು, ಒಬ್ಬ ಬಿಳಿಯ ಅಧಿಕಾರಿಯ ಕೈಕೆಳಗೆ, ಮೊಂಟಾನಾದ ಮಿಸೌಲಾದಿಂದ ಸೇಂಟ್ ಲೂಯಿಸ್‌ಗೆ ಸೈಕಲ್ ತುಳಿದರು. 1,900 ಮೈಲಿ, 41 ದಿನ. ಮಧ್ಯೆ ಬೆಟ್ಟ, ಹಿಮ, ಮರಳು. ಸೈನ್ಯಕ್ಕೆ ಕುದುರೆ ಬದಲು ಸೈಕಲ್ ಆಗುತ್ತಾ ಅನ್ನೋ ಪರೀಕ್ಷೆ ಅದು. ಸೈಕಲ್ಲು ಮೇವು ಕೇಳಲ್ಲ, ನೀರು ಕೇಳಲ್ಲ, ಬೆದರಲ್ಲ. ಹಿಂದಿನ ವರ್ಷ ಅವರಲ್ಲೇ ಕೆಲವರು ಯೆಲ್ಲೋಸ್ಟೋನ್ ಕಾಡಿಗೂ ಹೋಗಿಬಂದಿದ್ದರು. ಇವತ್ತಿನ 'ಮೌಂಟೇನ್ ಬೈಕಿಂಗ್'ಗೆ ಮುಂಚೆಯೇ ಬೆಟ್ಟಕ್ಕೆ ಸೈಕಲ್ ಹತ್ತಿಸಿದವರ ಪಟ್ಟಿ ಮಾಡಿದರೆ ಈ ಕಪ್ಪು ಸಿಪಾಯಿಗಳು ಮುಂದಿನ ಸಾಲಲ್ಲೇ ನಿಲ್ತಾರೆ.

ಆದರೆ ಅದೇ ಅಮೆರಿಕದ ದೊಡ್ಡ ಸೈಕಲ್ ಸವಾರರ ಸಂಘ 1894ರಲ್ಲೇ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ತೀರ್ಮಾನ ಮಾಡಿತ್ತು. ಮೇಜರ್ ಟೇಲರ್ ಅನ್ನೋ ಕಪ್ಪು ಹುಡುಗ 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಓಟದ ವಿಶ್ವ ಚಾಂಪಿಯನ್ ಆದ. ಚಕ್ರಕ್ಕೆ ಬಣ್ಣ ಗೊತ್ತಾಗಲ್ಲ, ಸಂಘಕ್ಕೆ ಗೊತ್ತಾಗುತ್ತೆ. ಅಲ್ಲೂ ಇಲ್ಲೂ ಅಡ್ಡ ಬಂದಿದ್ದು ಬೋರ್ಡು ಬರೆಯೋ ಕೈ.

ಇವತ್ತು ಬೆಂಗಳೂರು, ಮೈಸೂರಿನಿಂದ ಹುಡುಗರು ದಪ್ಪ ಟೈರಿನ ಸೈಕಲ್ ತಂದು ನಮ್ಮ ಬೆಟ್ಟದಲ್ಲಿ ಇಳಿಸ್ತಾರಲ್ಲ, ಆ ಆಟ ಬೆಳೆದಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಟಮಾಲ್ಪಾಯಿಸ್ ಬೆಟ್ಟದ ಸುತ್ತ. ಹಳೇ ಗುಜರಿ ಸೈಕಲ್ಲು ತಗೊಂಡು ಬೆಟ್ಟದಿಂದ ಇಳಿಯೋ ಪಂದ್ಯ 1976ರಲ್ಲಿ ಶುರುವಾಯ್ತು. 1996ರ ಹೊತ್ತಿಗೆ ಒಲಿಂಪಿಕ್ಸ್ ಸೇರಿತು. ಸೈಕಲ್ಲು ಕಾಡಿನ ದಾರಿಗೆ ಬಂದ ತಕ್ಷಣ ಜಗಳವೂ ಬಂತು. ಅಲ್ಲಿ ಕುದುರೆ ಸವಾರರು ಮೊದಲೇ ಇದ್ದರು, ನಡೆಯೋರು ಮೊದಲೇ ಇದ್ದರು. ಸೈಕಲ್ಲು ಸದ್ದಿಲ್ಲದೆ ಹಿಂದಿನಿಂದ ಬಂದರೆ ಕುದುರೆ ಬೆದರುತ್ತೆ, ಸವಾರ ಬೀಳ್ತಾನೆ. ನ್ಯಾಯ ಮಾಡ್ತಾ ಮಾಡ್ತಾ ಒಂದು ನಿಯಮಕ್ಕೆ ಬಂದರು. ಮೂರು ಮೂಲೆಯ ಹಳದಿ ಹಲಗೆ, ಒಂದೊಂದು ಮೂಲೆಗೆ ಸೈಕಲ್ಲು, ಕುದುರೆ, ನಡೆಯೋ ಮನುಷ್ಯ. ಸೈಕಲ್ಲಿನವನು ಇಬ್ಬರಿಗೂ ದಾರಿ ಬಿಡಬೇಕು. ನಡೆಯೋನು ಕುದುರೆಗೆ ಬಿಡಬೇಕು. ಕುದುರೆಗೆ ಮೊದಲ ದಾರಿ, ಯಾಕಂದ್ರೆ ಅದು ಬೆದರೋ ಜೀವ. ಮೇಲೆ ಕೂತವನು ದೊಡ್ಡವನು ಅಂತಲ್ಲ. ಇಂಗ್ಲೆಂಡಿನಲ್ಲಿ ಕುದುರೆ ಹೋಗುವ ಹಳೇ ದಾರಿಗಳಿಗೆ ಸೈಕಲ್ ಬಿಡೋಕೆ 1968ರಲ್ಲಿ ಕಾನೂನೇ ಮಾಡಿದರು. ಸೈಕಲ್ ಸವಾರ, ನಡೆಯೋರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು ಅನ್ನೋ ಷರತ್ತು ಹಾಕಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಸೂಚನೆ. ಕಾಡಿನ ದಾರಿಯಲ್ಲಿ ಕುದುರೆ ಎದುರಾದರೆ ಸೈಕಲ್ ಇಳಿದು, ಇಳಿಜಾರಿನ ಕೆಳಬದಿಯಲ್ಲಿ ನಿಂತು, ಮೆಲ್ಲಗೆ ಮಾತಾಡಬೇಕಂತೆ. ಹೆಲ್ಮೆಟ್ಟು, ಕನ್ನಡಕ, ಚಕ್ರ ನೋಡಿ ಕುದುರೆಗೆ ಇದೇನೋ ಬೇರೆ ಪ್ರಾಣಿ ಅನಿಸುತ್ತೆ. ದನಿ ಕೇಳಿದರೆ, ಓ ಇದು ಮನುಷ್ಯ ಅಂತ ಗೊತ್ತಾಗಿ ಸುಮ್ಮನಾಗುತ್ತೆ. ಕುದುರೆಗೆ ಒಂದು ದನಿ ಸಾಕು. ನನ್ನಪ್ಪ ಅರಳಿಕಟ್ಟೆ ಮುಂದೆ ಇಳಿದು, "ನಮಸ್ಕಾರ ಬುದ್ಧಿ" ಅಂತ ದನಿ ಮಾಡಿ, ತಲೆ ತಗ್ಗಿಸಿ ದಾಟಿದರು. ಮೂವತ್ತು ವರ್ಷ. ಕಟ್ಟೆ ಮೇಲಿದ್ದವರಿಗೆ ಗೊತ್ತಾಗಲಿಲ್ಲ.

ಹಂಗಂತ ನಮ್ಮವರು ಸುಮ್ಮನೆ ತಳ್ಳಿಕೊಂಡೇ ಇದ್ದರು ಅಂತ ಅಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಮುಟ್ಟಿದ್ದು ಕಾರಿನಲ್ಲಲ್ಲ. ನಮ್ಮ ಚಿಕ್ಕಪ್ಪ ಕ್ಯಾರಿಯರಿಗೆ ಕರಪತ್ರದ ಕಟ್ಟು, ಹ್ಯಾಂಡಲಿಗೆ ಅಂಟಿನ ಡಬ್ಬ ನೇತುಹಾಕ್ಕೊಂಡು, ಡಬ್ಬಲ್ ರೈಡಿಂಗಲ್ಲಿ ನಾಗಮಂಗಲದ ಕಡೆ ಹೋಗ್ತಿದ್ದರು. 1983ರಲ್ಲಿ ಕಾನ್ಶಿರಾಮ್ ಸಾಹೇಬರು ದೆಹಲಿಯಿಂದ ಸುಮಾರು ನೂರು ಜನರ ಜೊತೆ ಸೈಕಲ್ ಯಾತ್ರೆ ಹೊರಟರು. ಉತ್ತರದ ರಾಜ್ಯಗಳಲ್ಲಿ ಸುಮಾರು ನಲವತ್ತು ದಿನ ತುಳಿದರು. ಮುಂದಿನ ವರ್ಷ ಏಪ್ರಿಲ್ 14ಕ್ಕೆ ಬಿಎಸ್‌ಪಿ ಹುಟ್ಟಿತು. ಆನೆ ಗುರುತಿನ ಪಕ್ಷ, ಸೈಕಲ್ ಮೇಲೆ ಬಂದದ್ದು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿದರು. ನಮ್ಮ ಕೇರಿಯ ಹೆಣ್ಣುಮಕ್ಕಳು ಸಾಲಾಗಿ ಅರಳಿಕಟ್ಟೆ ಮುಂದೆ ಬೆಲ್ ಹೊಡ್ಕೊಂಡು ಹೋದರು. ಒಬ್ಬಳೂ ಇಳೀಲಿಲ್ಲ. ಸರ್ಕಾರಿ ಸೈಕಲ್ಲು, ಎಲ್ಲಾ ಒಂದೇ ತರ, ಕಟ್ಟೆ ಮೇಲಿದ್ದವರಿಗೆ ಯಾರ ಮಗಳು ಯಾರು ಅಂತ ಗುರುತು ಹತ್ತೋದ್ರೊಳಗೆ ಮುಂದೆ ಹೋಗಿರೋರು. ಅಪ್ಪ ಜಗುಲಿ ಮೇಲೆ ಕೂತು ನೋಡಿ, "ಈ ಸೈಕಲ್ಲಿನ ಚೈನು ಗಟ್ಟಿಯಾಗದೆ ಕಣ್ಲಾ" ಅಂದರು. ಅವರು ಆ ವಿಷಯದಲ್ಲಿ ನನ್ನ ಹತ್ರ ನಿಜ ಒಪ್ಪಿಕೊಂಡಿದ್ದು ಆ ಒಂದು ಮಾತಿನಲ್ಲಿ ಮಾತ್ರ.

ಈಗ ಕಾನೂನಿಗೆ ಬನ್ನಿ. ಇದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ.

ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆ ರಸ್ತೆಯನ್ನೂ ಹೆಸರಿಸಿ ಹೇಳುತ್ತೆ. ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3(1)(ಝಡ್‌ಎ) ಕಲಂ ಓದಿ. ಪರಿಶಿಷ್ಟರನ್ನ ಸಾರ್ವಜನಿಕ ಆಸ್ತಿ ಬಳಸದಂತೆ, ಸುಡುಗಾಡಿಗೆ, ರಸ್ತೆಗೆ, ಹಾದಿಗೆ ಹೋಗದಂತೆ ಅಡ್ಡಿ ಮಾಡಿದರೆ ಅಪರಾಧ. ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತದಂತೆ, ಚಪ್ಪಲಿ ಅಥವಾ ಹೊಸ ಬಟ್ಟೆ ಹಾಕದಂತೆ ತಡೆದರೆ ಅಪರಾಧ. ಮದುವೆ ಮೆರವಣಿಗೆಯಲ್ಲಿ ಕುದುರೆ ಏರದಂತೆ ತಡೆದರೂ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಗಮನಿಸಿದ್ರಾ? ಸೈಕಲ್ಲು, ಕುದುರೆ, ಹಾದಿ, ಸುಡುಗಾಡು, ನಾಲ್ಕೂ ಒಂದೇ ಕಲಮಿನಲ್ಲಿವೆ. ದೇಶದ ಸಂಸತ್ತು 2015ರಲ್ಲಿ ಕೂತು 'ಸೈಕಲ್ ಹತ್ತುವುದು' ಅಂತ ಬರೆಯಬೇಕಾಯ್ತು ಅಂದ್ರೆ, ಎಷ್ಟು ಅಪ್ಪಂದಿರ ಚೈನು ಬಿಚ್ಕೊಂಡಿರಬೇಕು ಯೋಚನೆ ಮಾಡಿ.

ಕಾಗದದಲ್ಲಿದ್ದರೆ ಸಾಲದು ಅನ್ನೋದಕ್ಕೆ 2018ರ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆ ಸಾಕ್ಷಿ. ಒಬ್ಬ ದಲಿತ ಮದುಮಗ ತನ್ನ ಮೆರವಣಿಗೆ ಮೇಲ್ಜಾತಿಯವರ ಓಣಿಯಲ್ಲಿ ಹೋಗಲಿ ಅಂತ ತಿಂಗಳುಗಟ್ಟಲೆ ಹೋರಾಡಿದ. ಹೈಕೋರ್ಟಿನವರೆಗೆ ಹೋದ. ಕೊನೆಗೆ ಅಧಿಕಾರಿಗಳು ದಾರಿಯ ನಕ್ಷೆ ಬರೆದುಕೊಟ್ಟು, ಪೊಲೀಸ್ ಕಾವಲಿನಲ್ಲಿ ದಿಬ್ಬಣ ಹೋಯ್ತು. ಮದುವೆ ಕರೆಯೋಲೆ ಜೊತೆ ರೂಟ್ ಮ್ಯಾಪು. ಆ ಹುಡುಗನಿಗೆ ಒಂದು ವಿಷಯ ಗೊತ್ತಿತ್ತು: ಕುದುರೆಗಿಂತ ಮೊದಲು ಕೇಳಬೇಕಾದ್ದು ದಾರಿಯನ್ನ.

ಇನ್ನು ನಮ್ಮ ಬೆಟ್ಟಗಳು. ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ, ಕೆ.ಆರ್.ಪೇಟೆಯ ನಾರಾಯಣದುರ್ಗ, ಇಲ್ಲೆಲ್ಲಾ ಈಗ ಭಾನುವಾರ ಬಂದರೆ ಬಣ್ಣಬಣ್ಣದ ಬಟ್ಟೆಯವರು. ಕರಿಘಟ್ಟದಲ್ಲಿ ಸೈಕಲ್ ಇಳಿಸೋರನ್ನ ನೋಡೋಕೆ ನನಗೂ ಖುಷಿ. ನನ್ನ ಮಗಳು ಪಿಯುಸಿ ಓದ್ತಾಳೆ, ಗೇರ್ ಸೈಕಲ್ ಬೇಕು ಅಂತ ವರ್ಷದಿಂದ ಕಾಡ್ತಿದ್ದಾಳೆ, ಸೊಸೈಟಿ ಸಾಲ ತೆಗೆದು ಕೊಡಿಸ್ತೀನಿ. ಅವಳೂ ಬೆಟ್ಟದಿಂದ ಇಳೀಲಿ. ಕುದುರೆ ಕಲಿಯೋ ಆಸೆ ಬಂದರೆ ಅದನ್ನೂ ಕಲೀಲಿ. ಟಿಕೆಟ್ ಕೊಟ್ಟವರು ಮಾತ್ರ ಬೆಟ್ಟ ನೋಡಬೇಕಾ ಅನ್ನೋದಷ್ಟೇ ನನ್ನ ತಕರಾರು.

ಈ ಬೆಟ್ಟದ ಹಾದಿಗಳನ್ನ ಯಾರೂ ಜೆಸಿಬಿ ತಂದು ಮಾಡಿಲ್ಲ. ಮೇಕೆ ನಡೆದು, ಸೌದೆ ಹೊರೆ ಇಳಿದು, ಹರಕೆ ಹೊತ್ತವರು ಹತ್ತಿ, ಹೆಣ ಹೊತ್ತವರು ಹೋಗಿ ಆದ ಹಾದಿ. ಸೈಕಲ್ಲಿನ ಹುಡುಗರು 'ಟ್ರೇಲ್' ಅನ್ನೋದನ್ನ ನಮ್ಮ ದೊಡ್ಡವ್ವ 'ಮೇಕೆ ಜಾಡು' ಅಂತಾಳೆ. ನಾರಾಯಣದುರ್ಗ ಸೇರಿದ ಮೇಲುಕೋಟೆ ವನ್ಯಧಾಮ 1974ರಲ್ಲಿ ತೋಳಗಳಿಗೋಸ್ಕರ ಆಯ್ತು, ಸುಮಾರು 50 ಚದರ ಕಿಲೋಮೀಟರ್. ನಾಗಮಂಗಲದ ಆದಿಚುಂಚನಗಿರಿ 1981ರಲ್ಲಿ ನವಿಲುಧಾಮ ಆಯ್ತು. ತೋಳಕ್ಕೆ, ನವಿಲಿಗೆ ಜಾಗ ಬೇಕು, ಖಂಡಿತಾ ಬೇಕು. ಅಲ್ಲಿ ಅರಣ್ಯ ಇಲಾಖೆಯ ನಿಯಮ ಇದೆ, ಅದು ಎಲ್ಲರಿಗೂ ಒಂದೇ ಇರಲಿ. ಸೌದೆ ತರೋ ಮುದುಕಿಗೆ ಕೇಸು, ಐದು ಲಕ್ಷದ ಸೈಕಲ್ಲಿಗೆ ಸೆಲ್ಯೂಟ್ ಆಗೋದು ಬೇಡ. ಸೈಕಲ್ ಮಿತ್ರರಿಗೂ ಒಂದು ಮಾತು: ಇಳಿಜಾರಲ್ಲಿ ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಜಾರಿಸಬೇಡಿ. ಚಕ್ರ ಕೊರೆದ ಗೆರೆಯಲ್ಲಿ ಮಳೆ ನೀರು ಹರಿದು ಒಂದೇ ವರ್ಷಕ್ಕೆ ಕೊರಕಲು ಬೀಳುತ್ತೆ. ಆಮೇಲೆ ಆ ಜಾಗದಲ್ಲಿ ಹೊರೆ ಹೊತ್ತವಳು ಜಾರ್ತಾಳೆ.

ನಮ್ಮ ಕೇರಿಯ ದಾರಿಗೆ ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀನಿ. ನಿಮ್ಮ ಊರಿಗೂ ಕೆಲಸಕ್ಕೆ ಬರಬಹುದು.

ಒಂದು, ಗ್ರಾಮ ನಕಾಶೆ ತೆಗೆದೆವು. ಸರ್ವೆ ಇಲಾಖೆಯ ವೆಬ್‌ಸೈಟಿನಲ್ಲೇ ಹಳ್ಳಿವಾರು ನಕಾಶೆ ಸಿಗುತ್ತೆ. ಅದರಲ್ಲಿ ಚುಕ್ಕೆ ಗೆರೆಗಳನ್ನ ನೋಡಿ. ಬಂಡಿದಾರಿ, ಕಾಲುದಾರಿ ಹಂಗೇ ತೋರಿಸಿರ್ತಾರೆ. ನಮ್ಮ ಸುಡುಗಾಡಿನ ದಾರಿ ಅಲ್ಲಿದೆ. 'ನಕಾಶೆ ಕಂಡ ದಾರಿ' ಅಂದ್ರೆ ಕಚೇರಿಯಲ್ಲಿ ಅದಕ್ಕೊಂದು ತೂಕ ಇದೆ.

ಎರಡು, ಆ ಸರ್ವೆ ನಂಬರಿನ ಪಹಣಿ ಮತ್ತು ಆಕಾರಬಂದ್ ತೆಗೆದು ಖರಾಬು ನೋಡಿದೆವು. ಸಾರ್ವಜನಿಕ ರಸ್ತೆ, ಕಾಲುದಾರಿ, ಸುಡುಗಾಡು ಇದ್ದರೆ ಅದು 'ಬಿ' ಖರಾಬು. ಜಮೀನು ಯಾರ ಹೆಸರಿನಲ್ಲೇ ಇರಲಿ, ಬಿ ಖರಾಬನ್ನ ಕೊಳ್ಳೋಕೂ ಆಗಲ್ಲ, ಮಾರೋಕೂ ಆಗಲ್ಲ, ಗೇಟ್ ಹಾಕೋಕೂ ಆಗಲ್ಲ.

ಮೂರು, ತಹಸೀಲ್ದಾರರಿಗೆ ಅರ್ಜಿ, ನಕಾಶೆಯ ಪ್ರತಿ ಸಮೇತ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ. ಸೀಲಿಲ್ಲದ ಅರ್ಜಿ ಅಂದ್ರೆ ಕೊಡದೇ ಇರೋ ಅರ್ಜಿ. ಇದು ನನ್ನ ಇಪ್ಪತ್ತು ವರ್ಷದ ಕಸುಬಿನ ಮಾತು.

ರೆಸಾರ್ಟಿನವರ ಹತ್ರವೂ ಹೋಗಿದ್ವಿ. ಜಗಳಕ್ಕಲ್ಲ. ಅಲ್ಲಿದ್ದ ಮ್ಯಾನೇಜರ್ ಹುಡುಗ ಒಳ್ಳೆಯವನೇ. "ಸಾರ್, ಹಾಲಿವುಡ್ ಸಿನಿಮಾ ತರ ಸೇಫ್ಟಿಗೆ ಹಾಕಿದ್ದು" ಅಂದ. ಫೋನಿನಲ್ಲಿ ಆ ಮೂರು ಮೂಲೆಯ ಹಲಗೆಯ ಚಿತ್ರ ತೋರಿಸಿದೆ. "ನೋಡಪ್ಪ, ಈ ಆಟ ಹುಟ್ಟಿದ ಕಡೆ ಬೋರ್ಡಲ್ಲಿ ಮೂರು ಚಿತ್ರ ಇದೆ. ನಿಮ್ಮದರಲ್ಲಿ ಎರಡೇ ಇದೆ. ನಡೆಯೋ ಮನುಷ್ಯ ಎಲ್ಲಿ ಹೋದ?" ಅಂದೆ. ಅವನು ಸುಮ್ಮನೆ ನಿಂತ. ಮೇಲಿನವರಿಗೆ ಕೇಳಿ ಹೇಳ್ತೀನಿ ಅಂದ. ಮೇಲಿನವರು ಇನ್ನೂ ಹೇಳಿಲ್ಲ.

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ನಾವು ಆ ದಾರಿಯಲ್ಲಿ ನಡೀತೀವಿ. ಘೋಷಣೆ ಬೇಡ, ಬಾವುಟವೂ ಬೇಡ. ದೊಡ್ಡವ್ವ ಮೇಕೆಗಳ ಸಮೇತ ಮುಂದೆ ಇರ್ತಾಳೆ. ಜೊತೆಗೆ ಸೈಕಲ್ಲಿನ ಹುಡುಗರಲ್ಲಿ ನಾಲ್ಕು ಜನ ಬರ್ತೀನಿ ಅಂದಿದ್ದಾರೆ. ಬರೋರು ಇನ್‌ಬಾಕ್ಸಿಗೆ ಬನ್ನಿ, ಜಾಗ ಹೇಳ್ತೀನಿ. ಅಪ್ಪನ ಹಳೇ ಅಟ್ಲಾಸ್ ಇನ್ನೂ ಇದೆ. ಅದನ್ನ ರಿಪೇರಿಗೆ ಕೊಟ್ಟಿದ್ದೆ. ಅಂಗಡಿಯವನು ಎಲ್ಲಾ ಬಿಚ್ಚಿ ನೋಡಿ ಹೇಳಿದ: "ಅಣ್ಣ, ಟೈರು ಹೋಗಿದೆ, ಬ್ರೇಕ್ ಹೋಗಿದೆ. ಚೈನು ಮಾತ್ರ ಏನೂ ಆಗಿಲ್ಲ."

ಜೈಭೀಮ್.